ಹಲ್ಲಿನ ಬೇರಿನ ತುದಿಗೆ ನೀರು ಮುಟ್ಟುವುದು ಹೇಗೆ?



ನೀರಾವರಿ ಎಂದ ಕೂಡಲೇ ನಿಮಗೆ ನೆನಪಾಗುವುದು ಕೆರೆ, ತೂಬು, ಕಾಲುವೆ. ಸಕಲೇಶಪುರ, ಆಲೂರಿನ ಗುಡ್ಡಗಾಡಿನ ಮಕ್ಕಳಾದರೆ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕಾಫಿ ಹೂವು ಅರಳಲೆಂದು ತೋಟಗಳಲ್ಲಿ ತಿರುಗುವ ಸ್ಪ್ರಿಂಕ್ಲರ್ ನೆನಪಾಗಬಹುದು. ದಂತವೈದ್ಯರ ಬಾಯಲ್ಲೂ ಇದೇ ಮಾತು ಕೇಳಿಬರುತ್ತದೆ. ಹಲ್ಲಿನ ಬೇರಿನೊಳಗಿರುವ ನಾಳಕ್ಕೆ ದ್ರವ ಹಾಯಿಸಿ ತೊಳೆಯುವ ಕೆಲಸವನ್ನು ಅವರು ‘ಇರಿಗೇಷನ್’ ಎಂದೇ ಕರೆಯುತ್ತಾರೆ. ತೋಟಕ್ಕೆ ಬೇಕಾದದ್ದು ಲಕ್ಷಾಂತರ ಲೀಟರ್. ಒಂದು ಬೇರಿನ ನಾಳ ಹಿಡಿಯುವುದು ಒಂದು ಹನಿಗಿಂತಲೂ ಕಡಿಮೆ. ಆದರೂ ಎರಡು ಕಡೆಯೂ ಕಾಡುವ ಪ್ರಶ್ನೆ ಒಂದೇ: ಕಟ್ಟಕಡೆಯ ಮೂಲೆಗೆ ನೀರು ಮುಟ್ಟಿತೇ?

ನಾನು ದಂತವೈದ್ಯನಲ್ಲ. ವಿಜ್ಞಾನ ಓದಿ, ಕ್ಯಾಮರಾದ ಹಿಂದೆ ನಿಂತು ಕೆಲಸ ಮಾಡುವವನು. ಹಲ್ಲಿನ ಬೇರಿನೊಳಗೆ ನಮ್ಮ ಕ್ಯಾಮರಾ ಇಳಿಯುವುದಿಲ್ಲ. ಆದ್ದರಿಂದ ತೆರೆಯ ಮೇಲೆ ತೋರಿಸಲಾಗದ ಕೆಲವು ಸಂಗತಿಗಳನ್ನು ಈ ಪುಟಗಳಲ್ಲಿ ನಿಧಾನವಾಗಿ ಹೇಳಬೇಕಾಗಿದೆ.

ಮೊದಲು ಹಲ್ಲಿನ ರಚನೆಯನ್ನು ಚುಟುಕಾಗಿ ನೋಡೋಣ. ಹೊರಗೆ ಕಾಣುವ ಬಿಳಿಯ ಎನಾಮಲ್, ಅದರ ಕೆಳಗೆ ಡೆಂಟಿನ್, ಎಲ್ಲಕ್ಕೂ ಒಳಗೆ ಮೃದುವಾದ ತಿರುಳು. ಜನರು ‘ಹಲ್ಲಿನ ನರ’ ಎನ್ನುವುದು ಈ ತಿರುಳನ್ನೇ. ಅದರಲ್ಲಿ ರಕ್ತನಾಳಗಳೂ ನರಗಳೂ ಸೇರಿವೆ. ತಿರುಳು ಹಲ್ಲಿನ ತಲೆಯ ಭಾಗದಿಂದ ಬೇರಿನ ತುದಿಯವರೆಗೆ ಸಣ್ಣ ನಾಳವಾಗಿ ಇಳಿದು, ಅಲ್ಲಿಂದ ದವಡೆಯ ಮೂಳೆಯನ್ನು ಸೇರುತ್ತದೆ. ತುದಿಯ ಹತ್ತಿರ ನಾಳದ ಅಗಲ ಒಂದು ಮಿಲಿಮೀಟರಿನ ಕಾಲು ಭಾಗದಷ್ಟಿರಬಹುದು. ಹುಳುಕು ಆಳಕ್ಕಿಳಿದು ತಿರುಳನ್ನು ಮುಟ್ಟಿದರೆ ಸೂಕ್ಷ್ಮಜೀವಿಗಳು ಒಳಗೆ ಮನೆ ಮಾಡುತ್ತವೆ, ತಿರುಳು ಸಾಯುತ್ತದೆ, ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ. ರಾತ್ರಿಯೆಲ್ಲ ನಿದ್ದೆಗೆಡಿಸುವ, ಲವಂಗದ ಎಣ್ಣೆಗೂ ಜಗ್ಗದ ನೋವು ಅದೇ.

ಇಲ್ಲಿ ನಿಜವಾದ ಅಪರಾಧಿ ಸೂಕ್ಷ್ಮಜೀವಿಗಳೇ ಎನ್ನುವುದನ್ನು 1965ರಲ್ಲಿ ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಸ್‌ಜೆರಾಲ್ಡ್ ಎಂಬ ಸಂಶೋಧಕರು ಬಲು ಸರಳವಾಗಿ ತೋರಿಸಿದರು. ಸೂಕ್ಷ್ಮಜೀವಿಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳ ಹಲ್ಲನ್ನು ತಿರುಳಿನವರೆಗೆ ಕೊರೆದು ಹಾಗೆಯೇ ಬಿಟ್ಟರು. ಗಾಯ ತಾನಾಗಿ ಮಾಯಿತು. ಸಾಮಾನ್ಯ ಇಲಿಗಳಲ್ಲಿ ಹಾಗೆಯೇ ಮಾಡಿದಾಗ ತಿರುಳು ಕೊಳೆತುಹೋಯಿತು. ಅಂದ ಮೇಲೆ ರೂಟ್ ಕೆನಾಲ್ ಚಿಕಿತ್ಸೆಯ ಅರ್ಥವೂ ಸ್ಪಷ್ಟ: ಕೊಳೆತದ್ದನ್ನು ತೆಗೆದು, ಸೂಕ್ಷ್ಮಜೀವಿಗಳನ್ನು ಆದಷ್ಟು ಹೊರಹಾಕಿ, ಮತ್ತೆ ಒಳಬರದಂತೆ ನಾಳವನ್ನು ಮುಚ್ಚುವುದು.

ತೆಗೆಯಲು ವೈದ್ಯರ ಬಳಿ ಫೈಲ್ ಎಂಬ ಸಲಕರಣೆ ಇದೆ. ಬಡಗಿಯ ಅರವನ್ನು ಸೂಜಿಯಷ್ಟು ಸಣ್ಣದು ಮಾಡಿದಂತೆ ಕಾಣುತ್ತದೆ. ಅದರಿಂದ ನಾಳದ ಗೋಡೆಯನ್ನು ಕೆರೆದು ಅಗಲ ಮಾಡುತ್ತಾರೆ. ಕೆರೆದರೆ ಸಾಲದೇ, ತೊಳೆಯುವುದೇಕೆ ಎಂದು ನೀವು ಕೇಳಬಹುದು. ಉತ್ತರ ಜ್ಯೂರಿಕ್ ನಗರದಲ್ಲಿದೆ. ಅಲ್ಲಿನ ವಾಲ್ಟರ್ ಹೆಸ್ ಎಂಬವರು ಕಿತ್ತ ಹಲ್ಲುಗಳ ನಾಳಕ್ಕೆ ರಬ್ಬರ್ ತುಂಬಿ, ಗಟ್ಟಿ ಮಾಡಿ, ಆಮೇಲೆ ಹಲ್ಲನ್ನೇ ಕರಗಿಸಿಬಿಟ್ಟರು. 1917ರಲ್ಲಿ ಅವರು ಪ್ರಕಟಿಸಿದ ಈ ಕೆಲಸದಲ್ಲಿ ಉಳಿದ ರಬ್ಬರಿನ ಅಚ್ಚುಗಳು ನೇರವಾದ ಕೊಳವೆಯಂತಿರಲಿಲ್ಲ. ಹೇಮಾವತಿಯನ್ನು ಸೇರುವ ಹಳ್ಳಕೊಳ್ಳಗಳ ನಕ್ಷೆಯಂತೆ ಕವಲೊಡೆದು, ಕೂಡಿ, ಮತ್ತೆ ಕವಲೊಡೆದಿದ್ದವು. 2001ರಲ್ಲಿ ಅದೇ ಊರಿನ ಪೀಟರ್ಸ್ ಮತ್ತು ಸಂಗಡಿಗರು ಎಕ್ಸ್-ರೇ ಮೂಲಕ ಮೂರು ಆಯಾಮಗಳ ಚಿತ್ರ ತೆಗೆದು ಅಳೆದಾಗ, ಆಧುನಿಕ ಫೈಲುಗಳಿಂದ ಕೆರೆದ ಮೇಲೂ ನಾಳದ ಗೋಡೆಯ ಶೇಕಡಾ 35 ಭಾಗಕ್ಕಿಂತ ಹೆಚ್ಚು ಜಾಗವನ್ನು ಲೋಹ ಮುಟ್ಟಿಯೇ ಇರಲಿಲ್ಲ. ಲೋಹ ಹೋಗದ ಕಡೆಗೆ ಹೋಗಬಲ್ಲದ್ದು ದ್ರವ ಮಾತ್ರ.

ಯಾವ ದ್ರವ? ಸಕಲೇಶಪುರದ ತೋಟದ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಪಲ್ಪರಿನಿಂದ ಹೊರಬಂದ ಕಾಫಿ ಬೀಜದ ಮೇಲೆ ಲೋಳೆ ಇರುತ್ತದೆಯಷ್ಟೆ. ಎಷ್ಟು ನೀರು ಸುರಿದರೂ ಅದು ಪೂರ್ತಿ ಬಿಡುವುದಿಲ್ಲ. ತೊಟ್ಟಿಯಲ್ಲಿ ಹುಳಿಯಲು ಬಿಡಬೇಕು, ಇಲ್ಲವೇ ಕ್ಷಾರ ಹಾಕಬೇಕು, ಇಲ್ಲವೇ ಯಂತ್ರದಲ್ಲಿ ತಿಕ್ಕಬೇಕು. ಆಮೇಲೆ ನೀರು ತನ್ನ ಕೆಲಸ ಮಾಡುತ್ತದೆ. ಹಲ್ಲಿನ ನಾಳದೊಳಗೆ ಸೂಕ್ಷ್ಮಜೀವಿಗಳು ಕಟ್ಟಿಕೊಂಡಿರುವ ಪೊರೆಯೂ ಇಂಥದೇ ಲೋಳೆ. ಬರಿಯ ಉಪ್ಪುನೀರಿಗೆ ಅದು ಜಗ್ಗುವುದಿಲ್ಲ.

ಸ್ವೀಡನ್ನಿನ ಬಿಸ್ಟ್ರೋಮ್ ಮತ್ತು ಸುಂಡ್‌ಕ್ವಿಸ್ಟ್ ಇದನ್ನು ರೋಗಿಗಳಲ್ಲೇ ಪರೀಕ್ಷಿಸಿ ನೋಡಿದರು. 1981ರಲ್ಲಿ ಅವರು ನಾಳಗಳನ್ನು ಉಪ್ಪುನೀರಿನಿಂದಷ್ಟೇ ತೊಳೆಯುತ್ತ ಕೆರೆದರು. ಸೂಕ್ಷ್ಮಜೀವಿಗಳ ಸಂಖ್ಯೆ ಬಹಳ ಇಳಿಯಿತು, ಆದರೆ ಏಳು ಹಲ್ಲುಗಳಲ್ಲಿ ಐದು ಸಲ ಚಿಕಿತ್ಸೆ ಮಾಡಿದ ಮೇಲೂ ಅವು ಉಳಿದೇ ಇದ್ದವು. 1983ರಲ್ಲಿ ಶೇಕಡಾ 0.5ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಬಳಸಿದರು. ಐದನೆಯ ಭೇಟಿಯ ಹೊತ್ತಿಗೆ 15 ನಾಳಗಳಲ್ಲಿ 12 ಶುದ್ಧವಾಗಿದ್ದವು. ಉಪ್ಪುನೀರಿನಲ್ಲಿ ಆ ಲೆಕ್ಕ 15ಕ್ಕೆ ಎಂಟು.

ಹೈಪೋಕ್ಲೋರೈಟ್ ಎಂದರೆ ಹೆದರಬೇಡಿ. ಮಳೆಗಾಲದಲ್ಲಿ ಪಂಚಾಯಿತಿಯವರು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಹತ್ತಿರದ ಸಂಬಂಧಿ ಅದು. ವಾಸನೆಯಿಂದಲೇ ಗುರುತು ಸಿಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ, 1915ರ ಸುಮಾರಿಗೆ, ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಹೆನ್ರಿ ಡೇಕಿನ್ ಇದರ ಶೇಕಡಾ 0.5ರ ದ್ರಾವಣವನ್ನು ಸೈನಿಕರ ಕೊಳೆತ ಗಾಯಗಳಿಗೆ ಹೊಂದುವಂತೆ ತಯಾರಿಸಿದ. ಅವನ ಜೊತೆಗಾರ, ಫ್ರೆಂಚ್ ಶಸ್ತ್ರವೈದ್ಯ ಅಲೆಕ್ಸಿಸ್ ಕ್ಯಾರೆಲ್, ಗಾಯದ ಆಳಕ್ಕೆ ರಬ್ಬರ್ ನಳಿಕೆಗಳನ್ನು ಇಳಿಸಿ ಹೊತ್ತುಹೊತ್ತಿಗೆ ಹೊಸ ದ್ರಾವಣ ಹಾಯಿಸುವ ಕ್ರಮ ರೂಪಿಸಿದ. ಡೇಕಿನ್ನನ ಹೆಸರು ಎಲ್ಲರಿಗೂ ಗೊತ್ತು. ಕ್ಯಾರೆಲ್‌ನ ನಳಿಕೆಗಳನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ದ್ರಾವಣದಷ್ಟೇ ಅದನ್ನು ಆಳಕ್ಕೆ ಒಯ್ಯುವ ದಾರಿಯೂ ಮುಖ್ಯ ಎಂಬುದು ಆ ನಳಿಕೆಗಳಲ್ಲಿತ್ತು ಎಂದು ನನಗನ್ನಿಸುತ್ತದೆ.

ಹೈಪೋಕ್ಲೋರೈಟ್ ಸತ್ತ ತಿರುಳನ್ನು ಕರಗಿಸುತ್ತದೆ, ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಆದರೆ ಫೈಲಿನಿಂದ ಕೆರೆದಾಗ ಏಳುವ ಡೆಂಟಿನ್ ಪುಡಿ ಗೋಡೆಗೆ ಮೆತ್ತಿಕೊಂಡು ಸಾರಿಸಿದ ನೆಲದಂತೆ ಪದರವಾಗುತ್ತದೆ. ಅದರಲ್ಲಿರುವ ಸುಣ್ಣದ ಅಂಶಕ್ಕೆ ಹೈಪೋಕ್ಲೋರೈಟ್ ಏನೂ ಮಾಡದು. ಅದಕ್ಕೆ ಇಡಿಟಿಎ ಬೇಕು. ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಈ ಹೆಸರು ಹೊಸದಲ್ಲ. ನೀರಿನ ಗಡಸುತನ ಅಳೆಯುವ ಪ್ರಯೋಗದಲ್ಲಿ ಬ್ಯೂರೆಟ್ಟಿಗೆ ತುಂಬುವುದು ಇದನ್ನೇ. ಅಲ್ಲಿ ನೀರಿನ ಕ್ಯಾಲ್ಸಿಯಮನ್ನು ಹಿಡಿದುಕೊಳ್ಳುವ ಈ ಅಣು ಇಲ್ಲಿ ಡೆಂಟಿನ್ ಪುಡಿಯ ಕ್ಯಾಲ್ಸಿಯಮನ್ನು ಹಿಡಿದುಕೊಳ್ಳುತ್ತದೆ. 1957ರಲ್ಲಿ ನಾರ್ವೆಯ ನೈಗಾರ್ಡ್ ಓಸ್ಟ್‌ಬಿ ಇದನ್ನು ಹಲ್ಲಿನ ನಾಳಕ್ಕೆ ತಂದರು. ಕ್ಲೋರ್‌ಹೆಕ್ಸಿಡಿನ್ ಎಂಬ ಮೂರನೆಯ ದ್ರಾವಣವೂ ಇದೆ. ಸೂಕ್ಷ್ಮಜೀವಿಗಳಿಗೆ ಅದು ಶತ್ರು, ಆದರೆ ಸತ್ತ ತಿರುಳನ್ನು ಕರಗಿಸಲಾರದು. ಹೈಪೋಕ್ಲೋರೈಟಿನ ಜೊತೆ ಬೆರೆತರೆ ಕಂದು ಬಣ್ಣದ ಗಷ್ಟು ಕೂರುವುದರಿಂದ ನಡುವೆ ಚೆನ್ನಾಗಿ ತೊಳೆದೇ ಬಳಸಬೇಕು.

ದ್ರಾವಣದ ಮಾತು ಇಷ್ಟು ಸಾಕು. ಈಗ ದಾರಿಯ ಮಾತು.

ಗುಡ್ಡದ ಮೇಲಿನ ಒರತೆಯಿಂದ ಪೈಪು ಎಳೆದು ಮನೆಗೆ ನೀರು ತರುವುದು ಹಾನಬಾಳು, ಹೆತ್ತೂರು, ಯಸಳೂರು ಕಡೆ ಹಳೆಯ ರೂಢಿ. ಒಂದೊಂದು ದಿನ ಒರತೆ ತುಂಬಿದ್ದರೂ ನಲ್ಲಿಯಲ್ಲಿ ತೊಟ್ಟು ನೀರಿರುವುದಿಲ್ಲ. ‘ಪೈಪಿಗೆ ಏರ್ ಹಿಡಿದಿದೆ’ ಎನ್ನುತ್ತಾರೆ. ಬಾಗಿದ ಕಡೆ ಸೇರಿಕೊಂಡ ಗಾಳಿ ನೀರಿಗೆ ಅಡ್ಡ ನಿಂತಿರುತ್ತದೆ. ಹಲ್ಲಿನ ನಾಳದಲ್ಲೂ ಹೀಗೆಯೇ ಆಗುತ್ತದೆ. ಬೇರಿನ ತುದಿಯ ಸುತ್ತ ಮೂಳೆ, ಮಾಂಸ ಇರುವುದರಿಂದ ನಾಳ ಒಂದು ಕಡೆ ಮುಚ್ಚಿದ ಕೊಳವೆಯಂತೆ ವರ್ತಿಸುತ್ತದೆ. ಮೇಲಿನಿಂದ ದ್ರವ ಬಿಟ್ಟರೆ ತುದಿಯ ಗಾಳಿ ಹೊರಬರಲು ಜಾಗವಿಲ್ಲ.

ಇದನ್ನು ನೀವೇ ನೋಡಬಹುದು. ಖಾಲಿಯಾದ ಪಾರದರ್ಶಕ ಬಾಲ್‌ಪೆನ್ ರೀಫಿಲ್ಲನ್ನು ಎರಡು ಅಂಗುಲ ಕತ್ತರಿಸಿ, ಒಂದು ತುದಿಯನ್ನು ಕರಗಿಸಿದ ಮೇಣದಿಂದ ಮುಚ್ಚಿ. (ಚಿಕ್ಕವರು ಮನೆಯ ಹಿರಿಯರನ್ನು ಜೊತೆಗಿಟ್ಟುಕೊಳ್ಳಿ.) ಮುಚ್ಚಿದ ತುದಿ ಕೆಳಗಿರುವಂತೆ ಹಿಡಿದು, ತೆರೆದ ಬಾಯಿಗೆ ಇಂಕ್ ಫಿಲ್ಲರಿನಿಂದ ಬಣ್ಣದ ನೀರು ಬಿಡಿ. ನೀರು ಬಾಯಲ್ಲೇ ನಿಲ್ಲುತ್ತದೆ. ಈಗ ತೆಂಗಿನ ಗರಿಯ ಕಡ್ಡಿಯೊಂದನ್ನು, ರೀಫಿಲ್ಲಿನೊಳಗೆ ಸಲೀಸಾಗಿ ಆದರೆ ಹೆಚ್ಚು ಸಡಿಲವಿಲ್ಲದೆ ಹೋಗುವಂಥದನ್ನು, ಮುಚ್ಚಿದ ತುದಿಯವರೆಗೆ ಇಳಿಸಿ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಬಾಯಲ್ಲಿ ನೀರು ಆರದಂತೆ ಹನಿಸುತ್ತಿರಿ. ಕಡ್ಡಿ ಇಳಿದಾಗ ಗಾಳಿಯ ಜಾಗ ಹಿಡಿಯುತ್ತದೆ, ಏರಿದಾಗ ನೀರನ್ನು ತನ್ನ ಬೆನ್ನಿಗೆ ಎಳೆದುಕೊಳ್ಳುತ್ತದೆ. ಗುಳ್ಳೆಗಳು ಒಂದೊಂದಾಗಿ ಮೇಲೆ ಬರುತ್ತವೆ. ಒಂದೆರಡು ಸಲ ಆಗದಿದ್ದರೆ ಬೇಸರಿಸಬೇಡಿ. ಕಡ್ಡಿಯ ಗಾತ್ರ ಹೊಂದಬೇಕು. ವೈದ್ಯರಿಗೂ ಅದೇ ಕಷ್ಟ.

ಇಷ್ಟು ನೋಡಿಕೊಂಡರೆ ವೈದ್ಯರು ಬಳಸುವ ಬೇರೆ ಬೇರೆ ವಿಧಾನಗಳು ತಾವಾಗಿಯೇ ಅರ್ಥವಾಗುತ್ತವೆ.

ಎಲ್ಲಕ್ಕಿಂತ ಹಳೆಯದು, ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು, ಸಿರಿಂಜು ಮತ್ತು ಸೂಜಿ. 30 ಗೇಜಿನ ಸೂಜಿಯ ಹೊರ ಅಗಲ ಸುಮಾರು 0.3 ಮಿಲಿಮೀಟರ್. ಅದರ ತುದಿ ಮುಚ್ಚಿ, ಪಕ್ಕದಲ್ಲಿ ಕಿಂಡಿ ಇಟ್ಟಿರುತ್ತಾರೆ. ಅಂಥ ಸೂಜಿಯಿಂದ ಹೊರಟ ದ್ರವ ತುದಿಯಿಂದ ಮುಂದಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಚಲಿಸುತ್ತದೆ. ಆದ್ದರಿಂದ ಸೂಜಿ ಮೇಲೆಯೇ ನಿಂತರೆ ಕೆಳಗೆ ಏನೂ ತಲುಪದು. ತೀರ ಕೆಳಗಿಳಿದು ಗೋಡೆಗೆ ಸಿಕ್ಕಿಹಾಕಿಕೊಂಡರೆ ಇನ್ನೂ ಅಪಾಯ: ಹಿಂದಿರುಗಲು ದಾರಿಯಿಲ್ಲದ ಹೈಪೋಕ್ಲೋರೈಟ್ ಬೇರಿನ ತುದಿಯನ್ನು ದಾಟಿ ಮೂಳೆಯೊಳಗೆ ನುಗ್ಗುತ್ತದೆ. ತಡೆಯಲಾಗದ ನೋವು, ಕೆಲವೇ ನಿಮಿಷಗಳಲ್ಲಿ ಮುಖದ ಊತ, ಚರ್ಮದಡಿ ರಕ್ತಸ್ರಾವ, ಎಲ್ಲವೂ ಆಗಬಹುದು. ಅದಕ್ಕಾಗಿಯೇ ಒಳ್ಳೆಯ ವೈದ್ಯರ ಕೈ ಇಲ್ಲಿ ಅವಸರ ಮಾಡುವುದಿಲ್ಲ. ಸೂಜಿ ಸಡಿಲವಾಗಿರಬೇಕು, ಸದಾ ಅಲುಗುತ್ತಿರಬೇಕು, ಪಿಸ್ಟನ್ನಿನ ಮೇಲೆ ತೋರುಬೆರಳಿನ ಒತ್ತಡವಷ್ಟೇ ಇರಬೇಕು. ಬಾಯಿಗೆ ದ್ರಾವಣ ಇಳಿಯದಂತೆ ಹಲ್ಲಿನ ಸುತ್ತ ಕಟ್ಟುವ ರಬ್ಬರ್ ಹಾಳೆಗೆ ‘ರಬ್ಬರ್ ಡ್ಯಾಮ್’ ಎಂದು ಹೆಸರು. 1864ರಲ್ಲಿ ನ್ಯೂಯಾರ್ಕಿನ ಬಾರ್ನಮ್ ಕಂಡುಹಿಡಿದದ್ದು. ನೀರಾವರಿ ಇದ್ದಲ್ಲಿ ಅಣೆಕಟ್ಟೂ ಇರಬೇಕಲ್ಲವೇ!

ಎರಡನೆಯದು ನಿಮ್ಮ ತೆಂಗಿನ ಕಡ್ಡಿಯ ವಿಧಾನ. ನಾಳಕ್ಕೆ ಹೊಂದುವ ಗಟ್ಟಾ-ಪರ್ಚಾ ಕೋನನ್ನು ದ್ರಾವಣ ತುಂಬಿದ ನಾಳದಲ್ಲಿ ಎರಡು ಮೂರು ಮಿಲಿಮೀಟರಿನಷ್ಟು ಮೇಲೆ ಕೆಳಗೆ ಆಡಿಸುತ್ತಾರೆ, ನಿಮಿಷಕ್ಕೆ ನೂರು ಸಲದಷ್ಟು. ಗಟ್ಟಾ-ಪರ್ಚಾ ಎಂದರೆ ಮಲಯದ ಕಡೆಯ ಪಲಾಕ್ವಿಯಂ ಕುಲದ ಮರದ ಹಾಲು. ಆ ಕುಲದ ಬೇರೊಂದು ಮರ ನಮ್ಮ ಪಶ್ಚಿಮ ಘಟ್ಟದ ಮಳೆಕಾಡಿನಲ್ಲೂ ಬೆಳೆಯುತ್ತದೆ. ಕೊನೆಯಲ್ಲಿ ನಾಳ ಮುಚ್ಚಲೂ ಇದೇ ಕೋನ್ ಬೇಕಾದ್ದರಿಂದ ಎಲ್ಲ ಚಿಕಿತ್ಸಾಲಯಗಳಲ್ಲೂ ಇದ್ದೇ ಇರುತ್ತದೆ. ಬೇರೆ ಖರ್ಚಿಲ್ಲ. ಲಂಡನ್ನಿನ ಈಸ್ಟ್‌ಮನ್ ದಂತ ಸಂಸ್ಥೆಯ ಸಂಶೋಧಕರು 2008ರಲ್ಲಿ, ಕಿತ್ತ ಹಲ್ಲಿನ ನಾಳಕ್ಕೆ ಕಾಲಜನ್ ಪೊರೆ ಬಳಿದು, ಯಾವ ವಿಧಾನ ಅದನ್ನು ಹೆಚ್ಚು ತೊಳೆಯುತ್ತದೆಂದು ನೋಡಿದರು. ದ್ರವವನ್ನು ತಾನೇ ಹಿಂದೆ ಮುಂದೆ ತಳ್ಳುವ ಯಂತ್ರವೊಂದಕ್ಕಿಂತ ಕೈಯಿಂದ ಆಡಿಸಿದ ಕೋನ್ ಚೆನ್ನಾಗಿ ತೊಳೆದಿತ್ತು. ನನಗೆ ಈ ಫಲಿತಾಂಶ ಬಹಳ ಇಷ್ಟ.

ಮೂರನೆಯದು ಕಂಪನ. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಿಸುತ್ತದೆ. ಅಲ್ಟ್ರಾಸೋನಿಕ್ ಯಂತ್ರಕ್ಕೆ ಜೋಡಿಸಿದ ಸಣ್ಣ ತಂತಿ ಸುಮಾರು 30,000 ಸಲ ಕಂಪಿಸುತ್ತದೆ. ತಂತಿಯ ಸುತ್ತ ದ್ರವದಲ್ಲಿ ಸಣ್ಣ ಸಣ್ಣ ಸುಳಿಗಳು ಏಳುತ್ತವೆ. ಆ ಸುಳಿಗಳು ಫೈಲು ಮುಟ್ಟದ ಕವಲುಗಳಿಗೂ ದ್ರಾವಣವನ್ನು ತಳ್ಳುತ್ತವೆ. ತಂತಿ ಗೋಡೆಗೆ ತಗಲಬಾರದು. ತಗಲಿದರೆ ಕಂಪನ ಕುಂದುತ್ತದೆ, ಗೋಡೆಯೂ ಸವೆಯುತ್ತದೆ. ಡೊಂಕು ಬೇರಿನಲ್ಲಿ ತಗಲದಂತೆ ಹಿಡಿಯುವುದು ಸುಲಭವಲ್ಲ. ಇದರ ತಮ್ಮನಂತಿರುವ ‘ಸೋನಿಕ್’ ಸಲಕರಣೆಗಳ ವೇಗ ಬಹಳ ಕಡಿಮೆ. ಅವುಗಳ ತುದಿ ಪ್ಲಾಸ್ಟಿಕ್ಕಿನದಾದ್ದರಿಂದ ಗೋಡೆ ಸವೆಯುವ ಭಯವಿಲ್ಲ, ಆದರೆ ಏಳುವ ಸುಳಿಯೂ ದುರ್ಬಲ.

ನಾಲ್ಕನೆಯದರ ಉಪಾಯ ಹಳ್ಳಿಯವರಿಗೆ ಪರಿಚಿತ. ಪೈಪಿಗೆ ಏರ್ ಹಿಡಿದಾಗ ಕೆಳಗಿನ ತುದಿಗೆ ಬಾಯಿಟ್ಟು ಎಳೆಯುತ್ತಾರಲ್ಲ, ಹಾಗೆ. ದ್ರಾವಣವನ್ನು ಹಲ್ಲಿನ ಬಾಯಲ್ಲಿ ಸುರಿದು, ನಾಳದ ತುದಿಯವರೆಗೆ ಇಳಿಸಿದ ಸಣ್ಣ ನಳಿಕೆಯಿಂದ ಹೀರುತ್ತಾರೆ. ತಳ್ಳುವ ಬದಲು ಎಳೆಯುವುದರಿಂದ ದ್ರವ ತುದಿಯನ್ನು ದಾಟಿ ನುಗ್ಗುವ ಭಯ ಕಡಿಮೆ. 2007ರಲ್ಲಿ ಅಮೆರಿಕದ ನೀಲ್ಸನ್ ಮತ್ತು ಬಾಮ್‌ಗಾರ್ಟ್ನರ್ ಇದನ್ನು ಸೂಜಿಯ ಜೊತೆ ಹೋಲಿಸಿದರು. ಬೇರಿನ ತುದಿಯಿಂದ ಮೂರು ಮಿಲಿಮೀಟರ್ ಮೇಲೆ ಎರಡರಲ್ಲೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಒಂದು ಮಿಲಿಮೀಟರ್ ಹತ್ತಿರ ಹೀರುವ ವಿಧಾನವೇ ಮೇಲು. ಜಗಳವೆಲ್ಲ ಆ ಕೊನೆಯ ಎರಡು ಮಿಲಿಮೀಟರಿನದು ಎಂದಾಯಿತು. ಲೇಸರ್ ಕಿರಣದಿಂದ ದ್ರವವನ್ನು ಕಲಕುವ ಕ್ರಮವೂ ಬಂದಿದೆ. ಅದರ ಬೆಲೆ ಸಣ್ಣ ಊರಿನ ಚಿಕಿತ್ಸಾಲಯಕ್ಕೆ ಎಟಕುವಂಥದಲ್ಲ.

ಹಾಗಾದರೆ ಯಾವುದು ಉತ್ತಮ? ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಸ್ವಲ್ಪ ಎಚ್ಚರದಿಂದಿರಬೇಕು. ಹೋಲಿಕೆಗಳಲ್ಲಿ ಬಹುಪಾಲು ನಡೆದಿರುವುದು ಕಿತ್ತ ಹಲ್ಲಿನ ಮೇಲೆ. ಕೈಯಲ್ಲಿ ಹಿಡಿದ ಹಲ್ಲಿನ ಬೇರಿನ ತುದಿ ತೆರೆದಿರುತ್ತದೆ, ಗಾಳಿ ಆ ಕಡೆಯಿಂದ ಹೊರಟುಹೋಗುತ್ತದೆ, ಸೂಜಿಯ ಕೆಲಸ ಚೆನ್ನಾಗಿ ಕಾಣುತ್ತದೆ. ತುದಿ ಮುಚ್ಚಿ ಅದೇ ಪ್ರಯೋಗ ಮಾಡಿದಾಗ ಕೊನೆಯ ಭಾಗದಲ್ಲಿ ಕೊಳೆ ಉಳಿಯುತ್ತದೆ ಎಂದು 2010ರಲ್ಲಿ ಟೇ ಮತ್ತು ಸಂಗಡಿಗರು ತೋರಿಸಿದರು. ಪ್ರಯೋಗದ ಪಾತ್ರೆಯ ಬಾಯಿ ತೆರೆದಿದೆಯೋ ಮುಚ್ಚಿದೆಯೋ ಎಂಬುದರ ಮೇಲೆ ಉತ್ತರವೇ ಬದಲಾಯಿತು!

ಇನ್ನೊಂದು ಮಾತು. ಪ್ರಯೋಗಶಾಲೆಯಲ್ಲಿ ಹೆಚ್ಚು ಶುದ್ಧವಾದ ನಾಳ, ಬಾಯಲ್ಲಿ ಹೆಚ್ಚು ಬೇಗ ಗುಣವಾಗುತ್ತದೆಯೇ? 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಬೇರಿನ 105 ಹಲ್ಲುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬರಿಯ ಸಿರಿಂಜು, ಇನ್ನೊಂದಕ್ಕೆ ಅಲ್ಟ್ರಾಸೋನಿಕ್ ಬಳಸಿದರು. ತಿಂಗಳುಗಳ ನಂತರ ಮರಳಿ ಬಂದವರನ್ನು ಪರೀಕ್ಷಿಸಿದಾಗ ಬೇರಿನ ತುದಿಯ ಹುಣ್ಣು ಮಾಯ್ದಿದ್ದ ಅಥವಾ ಕಿರಿದಾಗಿದ್ದ ಹಲ್ಲುಗಳು ಅಲ್ಟ್ರಾಸೋನಿಕ್ ಗುಂಪಿನಲ್ಲಿ ಶೇಕಡಾ 95, ಸಿರಿಂಜಿನ ಗುಂಪಿನಲ್ಲಿ ಶೇಕಡಾ 88. ಯಂತ್ರವೇ ಗೆದ್ದಿತು ಎನ್ನಬೇಡಿ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಈ ಅಂತರ ಆಕಸ್ಮಿಕವಾಗಿಯೂ ಬರಬಹುದು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ಗಣನೀಯ ವ್ಯತ್ಯಾಸವಲ್ಲ. ದ್ರಾವಣಗಳ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ 2012ರಲ್ಲಿ ಜರಡಿ ಹಿಡಿದ ಕಾಕ್ರೇನ್ ವಿಮರ್ಶೆಯೂ ಒಂದು ಇನ್ನೊಂದಕ್ಕಿಂತ ಮೇಲು ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದಿತು.

ಇದನ್ನು ಓದಿ ನಿರಾಶರಾಗಬೇಕಿಲ್ಲ. ಘಟ್ಟದ ಮೇಲಿನ ಊರುಗಳಿಗಂತೂ ಇದು ಸಮಾಧಾನದ ಸುದ್ದಿ ಎಂದೇ ನನ್ನ ಎಣಿಕೆ. ಆಷಾಢದ ಮಳೆಯಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ ಅಲ್ಟ್ರಾಸೋನಿಕ್ ಯಂತ್ರ ಸುಮ್ಮನೆ ಕೂರುತ್ತದೆ. ಸಿರಿಂಜು, ಸರಿಯಾದ ಸೂಜಿ, ಗಟ್ಟಾ-ಪರ್ಚಾ ಕೋನ್, ತಾಜಾ ಹೈಪೋಕ್ಲೋರೈಟ್ ಇವಿಷ್ಟಕ್ಕೂ ಕರೆಂಟು ಬೇಡ. ಬೇಕಾದ್ದು ಸಮಯ. ನಾಳದೊಳಗೆ ದ್ರಾವಣದ ಶಕ್ತಿ ಬೇಗ ಮುಗಿಯುವುದರಿಂದ ಮತ್ತೆ ಮತ್ತೆ ಹೊಸದು ಹಾಯಿಸುತ್ತಿರಬೇಕು. ಕುರ್ಚಿಯಲ್ಲಿ ಕುಳಿತ ನಮಗೆ, ‘ಏನೂ ಮಾಡದೆ ಬರೀ ನೀರು ಬಿಡುತ್ತಿದ್ದಾರಲ್ಲ’ ಎನ್ನಿಸುವ ಆ ಇಪ್ಪತ್ತು ಮೂವತ್ತು ನಿಮಿಷಗಳಲ್ಲೇ ಚಿಕಿತ್ಸೆಯ ಮುಖ್ಯ ಭಾಗ ನಡೆಯುತ್ತಿರುತ್ತದೆ. ಡೊಂಕು ಬೇರು, ಹಿಂದೊಮ್ಮೆ ಮಾಡಿಸಿ ಕೆಟ್ಟ ಹಲ್ಲು, ಇಂಥ ಕಠಿಣ ಪ್ರಸಂಗಗಳಿಗೆ ಹಾಸನದಲ್ಲಿ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜು ಇದೆ.

ತೋಟದ ಕೆಲಸಗಾರರು ಹಲ್ಲು ನೋವೆಂದು ಬಂದರೆ ಹೆಚ್ಚಾಗಿ ಹೇಳುವುದು, ‘ಕಿತ್ತುಬಿಡಿ ಡಾಕ್ಟ್ರೇ’ ಎಂದು. ಕಾರಣ ಹಣವೊಂದೇ ಅಲ್ಲ. ಬಿಸಿಲೆಯ ಕಡೆಯಿಂದ ಸಕಲೇಶಪುರಕ್ಕೆ ಬಂದುಹೋಗಲು ಒಂದು ದಿನದ ಕೂಲಿ ಬಿಡಬೇಕು. ಮೂರು ಸಲ ಬನ್ನಿ ಎಂದರೆ ಮೂರು ದಿನದ ಕೂಲಿ. ಮೊದಲನೆಯ ಸಲ ತೊಳೆದಾಗಲೇ ನೋವು ಇಳಿಯುವುದರಿಂದ ಎಷ್ಟೋ ಮಂದಿ ಮತ್ತೆ ಬರುವುದೇ ಇಲ್ಲ. ತಾತ್ಕಾಲಿಕವಾಗಿ ಮುಚ್ಚಿದ ಸಿಮೆಂಟು ವಾರಗಳಲ್ಲಿ ಸವೆದು, ಬಾಯಿಯ ಸೂಕ್ಷ್ಮಜೀವಿಗಳು ಮತ್ತೆ ಒಳಗಿಳಿಯುತ್ತವೆ. ಅಷ್ಟು ಶ್ರಮದಿಂದ ತೊಳೆದದ್ದೆಲ್ಲ ವ್ಯರ್ಥ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಅರ್ಧಕ್ಕೆ ಬಿಟ್ಟಿದ್ದರೆ ಒಂದು ಮಾತು ಹೇಳಿ. ದೂರದಿಂದ ಬರುವವರು ಮೊದಲೇ ತಿಳಿಸಿದರೆ, ಹಲ್ಲಿನ ಸ್ಥಿತಿ ನೋಡಿ ಒಂದೇ ಭೇಟಿಯಲ್ಲಿ ಮುಗಿಸಲಾಗುತ್ತದೆಯೇ ಎಂದು ವೈದ್ಯರು ಯೋಚಿಸಬಹುದು. ಒಂದೇ ಭೇಟಿ ಮತ್ತು ಹಲವು ಭೇಟಿಗಳನ್ನು ಹೋಲಿಸಿದ 2016ರ ಕಾಕ್ರೇನ್ ವಿಮರ್ಶೆಯಲ್ಲಿ ಗುಣವಾಗುವ ಪ್ರಮಾಣದಲ್ಲಿ ವ್ಯತ್ಯಾಸ ಕಂಡುಬಂದಿಲ್ಲ. ಒಂದೇ ಭೇಟಿಯವರಿಗೆ ಮೊದಲ ವಾರ ನೋವು ತುಸು ಹೆಚ್ಚು, ಅಷ್ಟೆ. ಅಂಥವರು ಬೆಳಗಿನ ಮೊದಲ ಬಸ್ಸಿಗೆ ಹೊರಟು, ತಿಂಡಿ ತಿಂದುಕೊಂಡೇ ಬರಲಿ. ಅಂದು ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರಬೇಕಾಗುತ್ತದೆ.